ಗುರಿಗೆ ಎರಡು ದೀಪ

ಟೀವಿಯ ನೆತ್ತಿಯ ಮೇಲೆ ಕೂತಿದ್ದ ಕಪ್ಪು ಪಟ್ಟಿ
ಇತ್ಸುಕಿಯ ಮೊಣಕೈ ತಗುಲಿ ಬಿದ್ದು ಸತ್ತಿತು.
ಜುಲೈ ತಿಂಗಳು. ಕುಷಿರೊ ಬಂದರಿನಲ್ಲಿ
ದೋಣಿಗಳು ಒಂದನ್ನೊಂದು ಕೂಗಿಯೇ ಕಂಡುಕೊಳ್ಳಬೇಕಾದಷ್ಟು ಮಂಜು.

ನಮ್ಮ ನೀಲಿ ಜುಟ್ಟಿನ ಯೋಧ ಆಮೇಲೂ ಗುದ್ದುತ್ತಿದ್ದ,
ನಾವು ಕೈ ಬೀಸಿದರೆ ಬೀಸುತ್ತಿದ್ದ,
ಗುರಿ ಮಾತ್ರ ಹೋಗಿತ್ತು.
ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತೆ
ಖಾಲಿ ಆಕಾಶ ಒದೆಯುತ್ತ,
ಭಾನುವಾರ ಬೆಳಗಿನ ಕಾರ್ಟೂನಿನಲ್ಲಿ
ಒಮ್ಮೆಯೂ ಸೋಲದವನು
ನಮ್ಮ ಆರು ಚಾಪೆಯ ಕೋಣೆಯಲ್ಲಿ ಸೋಲುತ್ತಿದ್ದ.

ಹೊಸ ಪಟ್ಟಿಗೆ ಎರಡು ಸಾವಿರ ಯೆನ್.
ಕೇಳಲಿಲ್ಲ. ಕೇಳಬಾರದೆಂದು ಯಾರೂ ಹೇಳಿರಲೂ ಇಲ್ಲ.

ಮೀನು ಮಂಡಿಯ ಹುಡುಗ ಅಂದ:
"ಪಟ್ಟಿಯೊಳಗೆ ಇರೋದು ಎರಡು ಬೆಂಕಿ, ಅಷ್ಟೆ.
ಕಣ್ಣಿಗೆ ಕಾಣದ ಬೆಂಕಿ. ಕಾಣುವಂಥದ್ದು ಇಟ್ಟರೂ ನಡೆಯುತ್ತೆ.
ನಡುವೆ ಒಂದು ಗೇಣು ಬಿಡಿ."

ಮನೆಯಲ್ಲಿ ಮೇಣದ ಬತ್ತಿ ಇದ್ದದ್ದು ಎರಡೇ.
ಎಲ್ಲಿದ್ದವೆಂದು ಇಬ್ಬರಿಗೂ ಗೊತ್ತಿತ್ತು.
ಆದರೂ ಸ್ವಲ್ಪ ಹೊತ್ತು ಬೇರೆಲ್ಲ ಕಡೆ ಹುಡುಕಿದೆವು,
ಸಿಂಕಿನ ಕೆಳಗೆ, ಚಪ್ಪಲಿ ಗೂಡಿನಲ್ಲಿ,
ಒಳ್ಳೆಯ ಮಕ್ಕಳ ಹಾಗೆ.

ಅಪ್ಪ ಪಟದೊಳಗೆ ಎಂದಿನಂತೆ ಬಲಕ್ಕೆ ನೋಡುತ್ತಿದ್ದ.
ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದ ಪಟ;
ಹೆಗಲ ಮೇಲೆ ಇನ್ನೂ ಬೇರೆಯವರ ಬೆರಳು.

ಬತ್ತಿ ಹಚ್ಚಿದೆವು. ಲೈಟು ಆರಿಸಿದೆವು.
ಇತ್ಸುಕಿ ಎಡಗೈ ಚಾಚಿ, ಬಲಗೈ ಕಿವಿಯವರೆಗೆ ಸೆಳೆದ.
ಕಾಣದ ಹೆದೆ. ಮುಷ್ಟಿಯಲ್ಲಿದ್ದ ಬಿಳಿ ರಿಮೋಟು ನಡುಗಿತು.
ತೆರೆಯ ಮೇಲೆ, ಎವೆಯಿಕ್ಕುವಷ್ಟು ತಡವಾಗಿ,
ನೀಲಿ ಜುಟ್ಟಿನವನೂ ಸೆಳೆದ,
ಶತ್ರು ಎಲ್ಲಿದ್ದಾನೆಂದು ಈಗಷ್ಟೇ ತಿಳಿದವನಂತೆ.

ಬಿಟ್ಟ.

ಕೆಳಮನೆಯ ಒಕುಯಾಮ ಮುದುಕ ಪೊರಕೆ ಹಿಡಿಯಿಂದ ಸೂರು ಕುಟ್ಟಿದ.
ನಾವು ಕೂಗುವುದು ಬಿಟ್ಟು ಬಾಯಿ ಮಾತ್ರ ತೆರೆದೆವು.
ಹೀಗೆ ಮೂರು ರಾತ್ರಿ,
ಮೂಕ ಆರ್ಭಟ, ಸುಟ್ಟ ನೂಲಿನ ವಾಸನೆ,
ಐದಕ್ಕೆ ಅಮ್ಮ ಬರುವ ಮುಂಚೆ ಎಲ್ಲ ಒರೆಸಿ ಮತ್ತೆ ಅಪ್ಪನೆದುರು.

ನಾಲ್ಕನೆಯ ರಾತ್ರಿ ಡಬ್ಬಿ ಕಾರ್ಖಾನೆಯ ಬೆಲ್ಟು ಕಿತ್ತುಹೋಯಿತು.

ಬಾಗಿಲಲ್ಲಿ ಅಮ್ಮ,
ರಬ್ಬರ್ ಬೂಟು ಒಂದು ಕಳಚಿ, ಇನ್ನೊಂದು ಕಳಚದೆ.
ಮೊದಲು ನೋಡಿದ್ದು ಬರಿದಾದ ಹಿತ್ತಾಳೆ ಕಂಬಗಳನ್ನು,
ಆಮೇಲೆ ಟೀವಿಯ ಮೇಲಿನ ಜ್ವಾಲೆಗಳನ್ನು,
ಆಮೇಲೆ ಅವುಗಳೆದುರು ಬಿಲ್ಲಾಗಿ ನಿಂತ ಹುಡುಗನನ್ನು.
ನಾನು ಬೈಗುಳಕ್ಕೆ ಬೆನ್ನು ಬಿಗಿಮಾಡಿಕೊಂಡೆ.

"ಇದರಲ್ಲಿ ನಾನು ಯಾರು?" ಅಂದಳು.

ಅವಳ ಕೈಗೆ ಬೂತಾಯಿಯ ಹುರುಪೆ ಅಂಟಿತ್ತು.
ರಾತ್ರಿಗೆ ಸಾವಿರಗಟ್ಟಲೆ ಮೀನಿನ ಹೊಟ್ಟೆ ಸೀಳುವ ಮಣಿಕಟ್ಟು
ಬಲ್ಲದ್ದು ಒಂದೇ ಹೊಡೆತ: ಚಿಕ್ಕದು, ಕೆಳಗಿನಿಂದ ಮೇಲಕ್ಕೆ.
ಅದು ಹೊಡೆತವೆಂದು ಯಂತ್ರಕ್ಕೆ ಹೊಳೆಯಲೇ ಇಲ್ಲ.
ಯೋಧ ಸುಮ್ಮನೆ ನಿಂತ, ಏಟು ತಿಂದ, ಮತ್ತೆ ತಿಂದ.
"ದೊಡ್ಡದಾಗಿ ಬೀಸಮ್ಮ," ಇತ್ಸುಕಿ ಪಿಸುಗುಟ್ಟಿದ, "ದೊಡ್ಡದಾಗಿ."

ಬೀಸಿದಳು.
ಆ ಗಾಳಿಗೆ ಎಡದ ಬತ್ತಿ ಆರಿತು.
ಗುರಿಯ ಚುಕ್ಕೆ ತೆರೆಯ ಮೇಲೆ ಗಳಿಗೆ ತೂಗಾಡಿ ಮಾಯ.

"ಒಂದರಲ್ಲಿ ಆಗಲ್ಲ."
"ಗೊತ್ತು," ಅಂದಳು, ಲೈಟರ್ ಹುಡುಕುತ್ತ.

ಆಗಸ್ಟಿನಲ್ಲಿ, ಸತ್ತವರು ಮನೆಗೆ ಬರುವ ಹಬ್ಬಕ್ಕೆ,
ತೊಮೊಎ ಅತ್ತೆ ಬಂದವಳು
ಅಪ್ಪನೆದುರು ಮಂಡಿಯೂರಿ, ಕೈಮುಗಿದು, ತಲೆಯೆತ್ತಿ,
"ಇದ್ಯಾಕೆ ಹೀಗೆ, ಒಂದು ಗಿಡ್ಡ ಒಂದು ಉದ್ದ?"
ಅಮ್ಮ ಕಲ್ಲಂಗಡಿ ಕೊಯ್ಯುತ್ತಿದ್ದಳು.
"ಕಿಟಕಿಯ ಗಾಳಿ," ಅಂದಳು.
ಇತ್ಸುಕಿಯ ಬಲಗೈ, ಬೆವರೊರೆಸುವ ನೆಪದಲ್ಲಿ,
ಕಿವಿಯವರೆಗೆ ಹೋಗಿ ಬಂತು.